ಹಳೇ ಊರಿನ ಹೇಂಟೆ

ನನ್ನ ತಮ್ಮ ಜಕ್ಕಪ್ಪ ಬೀಳಗಿ ಬಸ್ಸಿನಿಂದ ಇಳಿದಾಗ ಅವನ ಬಗಲಲ್ಲಿ ಒಂದು ಬಿದಿರಿನ ಬುಟ್ಟಿ ಇತ್ತು. ಬುಟ್ಟಿಯ ಬಾಯಿಗೆ ಹಳೆಯ ಸೀರೆಯ ತುಂಡು ಬಿಗಿದಿತ್ತು, ಒಳಗಿನಿಂದ ಚಿಂವ್ ಚಿಂವ್ ಎಂಬ ಸದ್ದು. ಜಮಖಂಡಿ ಬಸ್ ನಿಲ್ದಾಣದ ಮಂದಿಯೆಲ್ಲ ನಮ್ಮನ್ನೇ ನೋಡುತ್ತಿದ್ದರು. ನೋಡಲಿ, ನನಗೇನು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕೋಳಿಮರಿ ಕರೆದುಕೊಂಡು ಹೋಗಲು ಬಂದವಳು ನಾನು.

"ನಾಕ್ ಅದಾವ," ಅಂದ ಜಕ್ಕಪ್ಪ. "ಎಣಿಸಿ ಇಸ್ಕೋ ಅಂತ ಹೇಳ್ಯಾಳ ಅತ್ತಿ. ಎಣಿಸಿ ತಿರುಗಿ ಕೊಡಬೇಕಂತ."

"ತಾಯಿ ಎಲ್ಲಿ?"

ಅವನು ಬಸ್ಸಿನ ಹಿಂದಿನ ಗಾಲಿ ನೋಡುತ್ತ ನಿಂತ. ನನಗೆ ಆಗಲೇ ತಿಳಿಯಿತು. ಕಳೆದ ವರ್ಷ ಮುಧೋಳದಿಂದ ಒಂದು ನಾಯಿ ತಂದಿದ್ದಾನೆ, ಕಡ್ಡಿಯಂಥ ಕಾಲು, ಚೀಲದಂಥ ಎದೆ. ಮೊಲದ ಬೆನ್ನು ಹತ್ತುವ ತಳಿ, ಹಿತ್ತಲಲ್ಲಿ ಮರಿ ಮೇಯಿಸುತ್ತಿದ್ದ ಕೋಳಿ ಅದಕ್ಕೆ ಯಾವ ಲೆಕ್ಕ.

"ನಾಯಿ ಕಟ್ಟಾಕ ಆಗೂದಿಲ್ಲಂದ್ರ ನಿನ್ನ ಕಟ್ಟಿ ಹಾಕಬೇಕಾಗತೈತಿ ನೋಡು," ಅಂದೆ. ಅವನು ಬುಟ್ಟಿಯನ್ನು ಇನ್ನೊಂದು ಬಗಲಿಗೆ ಬದಲಿಸಿದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು.

ಈ ಕೋಳಿಯ ಕತೆಯನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಲ್ಕು ಮರಿಗೆ ಇವಳೇಕೆ ಇಷ್ಟು ಒದ್ದಾಡುತ್ತಾಳೆ ಅನ್ನಿಸಬಹುದು. ಪದ್ಮವ್ವ ನಮ್ಮ ಅಪ್ಪನ ತಂಗಿ, ನಮಗೆ ಸೋದರತ್ತೆ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ನನ್ನನ್ನೂ ಜಕ್ಕಪ್ಪನನ್ನೂ ಎತ್ತಿ ಆಡಿಸಿದ್ದು ಅವಳೇ. ಕೃಷ್ಣೆಯ ಹಿನ್ನೀರು ನಮ್ಮ ಹಳೇ ಊರಿಗೆ ಬಂದ ವರ್ಷ, ಎಲ್ಲರೂ ಟ್ರ್ಯಾಕ್ಟರಿಗೆ ಬಾಗಿಲ ಚೌಕಟ್ಟು, ತೊಲೆ, ಬೀಸುಕಲ್ಲು ಹೇರಿಕೊಂಡು ಹೊಸ ಊರಿಗೆ ಹೊರಟರು. ಅತ್ತೆ ತೊಡೆಯ ಮೇಲೆ ಒಂದು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬುಟ್ಟಿಯಲ್ಲಿ ಕಾವಿಗೆ ಕೂತ ಒಂದು ಬೂದಿ ಬಣ್ಣದ ಹೇಂಟೆ, ಅದರ ಕೆಳಗೆ ಹನ್ನೊಂದು ಮೊಟ್ಟೆ. ದಾರಿಯುದ್ದಕ್ಕೂ ಟ್ರ್ಯಾಕ್ಟರು ಕುಪ್ಪಳಿಸಿದಾಗಲೆಲ್ಲ ಡ್ರೈವರನ ಮೇಲೆ ರೇಗಿದಳಂತೆ. ಹನ್ನೊಂದರಲ್ಲಿ ಒಂಬತ್ತು ಒಡೆದು ಮರಿಯಾದವು.

ಅಂದಿನಿಂದ ಆ ತಳಿಯನ್ನು ಅವಳು ಕಡಿಯಗೊಟ್ಟಿಲ್ಲ. ಮಗಳು, ಮೊಮ್ಮಗಳು, ಮರಿಮಗಳು ಎಂದು ಬೂದಿ ಹೇಂಟೆಗಳು ಹೊಸ ಊರಲ್ಲೂ ಹೆಚ್ಚುತ್ತ, ರೋಗ ಬಂದಾಗ ಸಾಯುತ್ತ, ಮತ್ತೆ ಹೆಚ್ಚುತ್ತ ಬಂದವು. "ಹುಂಜ ಯಾರದರ ಆಗಲಿ, ಹ್ಯಾಂಟಿ ನಮ್ಮ ಊರಿಂದ ಇರಬೇಕು," ಎನ್ನುತ್ತಿದ್ದಳು. ಊರೇ ಇಲ್ಲ, ಊರಿನದೆಂಥ ಹೇಂಟೆ ಎಂದು ಯಾರೂ ಅವಳೆದುರು ಅನ್ನುತ್ತಿರಲಿಲ್ಲ. ಹೋದ ಚಳಿಗಾಲದ ರೋಗದಲ್ಲಿ ಒಂದೇ ಹೇಂಟೆ ಉಳಿಯಿತು. ಅದು ಕಾವಿಗೆ ಕೂತಿದ್ದಾಗಲೇ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಬಾಗಲಕೋಟೆಯಲ್ಲಿ ಆಪರೇಶನ್ ಆಯಿತು, ಮೂರು ತಿಂಗಳು ಹಾಸಿಗೆ ಬಿಡಬಾರದು ಅಂದರು ಡಾಕ್ಟರು; ಅವಳನ್ನು ಜಕ್ಕಪ್ಪನ ಮನೆಯಲ್ಲಿ ಮಲಗಿಸಿದರು, ಹೇಂಟೆಯೂ ಅವನ ಹಿತ್ತಲಿಗೆ ಬಂತು. ಆ ಹೇಂಟೆಯನ್ನೇ ಈಗ ನಾಯಿ ಹಿಡಿದದ್ದು.

"ನಾಕರಾಗ ಮೂರು ಹುಂಜ, ಒಂದ ಹ್ಯಾಂಟಿ ಅಂತ ನೋಡಿ ಹೇಳ್ಯಾಳ," ಅಂದ ಜಕ್ಕಪ್ಪ. "ತಲೀ ಮ್ಯಾಲ ಕರೇ ಚುಕ್ಕಿ ಐತೆಲ್ಲ, ಅದು."

ಅಂದರೆ ಹಳೇ ಊರಿನದು ಅಂತ ಉಳಿದದ್ದು ಆ ಒಂದು ಮುಷ್ಟಿಯಷ್ಟು ಮರಿ. ಅದನ್ನು ಅತ್ತೆ ನನ್ನ ಕೈಗೆ ಕೊಟ್ಟಿದ್ದಳು, ಯಾಕೆಂದರೆ ನಮ್ಮ ಮನೆಯಲ್ಲಿ ನಾಯಿ ಇಲ್ಲ, ಮೇಲಾಗಿ ನನಗೆ ಕೋಳಿ ಸಾಕುವುದು ಗೊತ್ತು ಎಂದು ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ.

ನಮ್ಮ ಹಿತ್ತಲಲ್ಲಿ ಆಗಲೇ ಹತ್ತು ಮರಿಗಳಿದ್ದವು. ಬೈಕಿಗೆ ಪಂಜರ ಕಟ್ಟಿಕೊಂಡು ಮೈಕಿನಲ್ಲಿ ಕೂಗುತ್ತ ಬರುವವನ ಹತ್ತಿರ ತಿಂಗಳ ಹಿಂದೆ ಕೊಂಡವು, ಫಾರ್ಮಿನವು. ದಪ್ಪ ಕಾಲು, ಹೊಟ್ಟೆಬಾಕ ಜಾತಿ. ಹಳೆಯ ಮಂಚಕ್ಕೆ ಸುತ್ತಲೂ ಜಾಳಿಗೆ ಹೊಡೆದು ಗೂಡು ಮಾಡಿ, ಒಳಗೊಂದು ದೊಡ್ಡ ಬಲ್ಬು ಇಳಿಬಿಟ್ಟಿದ್ದೆ. ಮಟಮಟ ಮಧ್ಯಾಹ್ನ, ಚೈತ್ರದ ಬಿಸಿಲಲ್ಲಿ, ಅತ್ತೆಯ ನಾಲ್ಕು ಮರಿಗಳನ್ನು ತಂದು ಆ ಹತ್ತರ ನಡುವೆ ಬಿಟ್ಟೆ. ಮಕ್ಕಳಿದ್ದ ಹಾಗೆ, ಆಡಿಕೊಂಡಿರುತ್ತವೆ ಅಂದುಕೊಂಡೆ.

ನನ್ನ ಗಂಡ ಯಲ್ಲಾಲಿಂಗ ಹೈಸ್ಕೂಲ್ ಮಾಸ್ತರ. ಜಾಳಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ ಹೇಳಿದರು, "ವರ್ಗಕ್ಕ ನಡೂ ವರ್ಷದಾಗ ಹೊಸಾ ಹುಡುಗ ಬಂದ್ರ ಹಳೇರು ಸುಮ್ಕ ಬಿಡ್ತಾರೇನ?"

"ನಿಮ್ಮ ಸಾಲಿ ಅಲ್ಲ ಇದು," ಅಂದೆ.

ಸಂಜೆಗೆ ಸಾಲೆಯೇ ಆಗಿತ್ತು. ಹತ್ತರಲ್ಲಿ ಒಂದು ಕೆಂಪು ಹೇಂಟೆಮರಿ ಇತ್ತು, ಎಲ್ಲದಕ್ಕಿಂತ ಎತ್ತರ. ತಾಟಿನ ಹತ್ತಿರ ಯಾವ ಹೊಸ ಮರಿ ಬಂದರೂ ಅದರ ನೆತ್ತಿಗೊಂದು ಕೊಡುತ್ತಿತ್ತು. ಅದು ಕೊಟ್ಟರೆ ಉಳಿದ ಒಂಬತ್ತೂ ಕೊಡುತ್ತಿದ್ದವು. ನಾನು ಕೈ ಹಾಕಿ ಬಿಡಿಸಿದೆ, ಬೈದೆ, ಚಪ್ಪಾಳೆ ಹೊಡೆದೆ. ನಾನು ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಅದೇ. ಮೂರನೆಯ ದಿನ ಒಂದು ಹುಂಜಮರಿ ಸತ್ತು ಬಿದ್ದಿತ್ತು, ಬಾಲದ ಬುಡದಲ್ಲಿ ತೂತು.

ಅದೇ ದಿನ ಅತ್ತೆ ಫೋನ್ ಮಾಡಿದಳು. "ಹೆಂಗದಾವ ಬೇ ಮರಿ?"

"ಆರಾಮ ಅದಾವ ಅತ್ತಿ," ಅಂದುಬಿಟ್ಟೆ. ಐವತ್ತರ ಹತ್ತಿರ ಬಂದ ಹೆಂಗಸು, ಸರ್ಕಾರಿ ನೌಕರಿಯವಳು, ಪೆನ್ಸಿಲ್ ಕದ್ದ ಹುಡುಗಿಯಂತೆ ಸುಳ್ಳು ಹೇಳಿದೆ. ಹಾಸಿಗೆಯಲ್ಲಿ ಮಲಗಿದವಳಿಗೆ ಸತ್ತ ಸುದ್ದಿ ಯಾಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖರೆ ಹೇಳಬೇಕೆಂದರೆ, ಹೆದರಿದ್ದೆ.

ಮರುದಿನ ಬೆಳಿಗ್ಗೆ ಚುಕ್ಕಿಮರಿಯ ಬೆನ್ನಿನ ಮೇಲೆ ಕಾಳಿನಷ್ಟು ಗಾಯ ಕಂಡಿತು. ಏನು ಮಾಡಲಿ ಎಂದು ಯೋಚಿಸುವಾಗ ಕಣ್ಣ ಮುಂದೆ ಹಳೇ ಮನೆಯ ಪಡಸಾಲೆ ಬಂದು ನಿಂತಿತು. ನಾನು ಆರೇಳು ವರ್ಷದವಳು. ಅತ್ತೆ ಕಂಬಕ್ಕೆ ಒರಗಿ ಕೂತಿದ್ದಾಳೆ, ಮಡಿಲಲ್ಲಿ ಒಂದು ಮರಿ. ಬೀರೇಶ್ವರನ ಭಂಡಾರ, ಅದೇ ಗುಡಿಯ ಅರಿಷಿಣಪುಡಿ, ಚಿಟಿಕೆಯಲ್ಲಿ ತೆಗೆದುಕೊಂಡು ಅದರ ತಲೆಗೆ ಹಚ್ಚುತ್ತಾಳೆ. "ಬೀರಪ್ಪಾ, ಕಾಯೋ," ಎನ್ನುತ್ತಾಳೆ. ಅಂಗಳದ ಬಿಸಿಲು, ಜೋಳದ ನುಚ್ಚಿನ ವಾಸನೆ, ಅತ್ತೆಯ ಹಳದಿ ಬೆರಳು. ನನಗೆ ಅದೆಲ್ಲ ನಿನ್ನೆ ಮೊನ್ನೆ ಕಂಡಷ್ಟು ಸ್ಪಷ್ಟವಾಗಿತ್ತು. ಇಂಥ ಮದ್ದು ಮನೆಯಲ್ಲೇ ಇದ್ದೂ ಮರೆತೆನಲ್ಲ ಎಂದು ದೇವರ ಮಾಡದಿಂದ ಭಂಡಾರದ ಡಬ್ಬಿ ತಂದೆ. ಗಾಯದ ಮೇಲೆ ಚೆನ್ನಾಗಿ ಮೆತ್ತಿ, ಕೈ ಮುಗಿದು, ಮರಿಯನ್ನು ಗೂಡಿಗೆ ಬಿಟ್ಟು ಆಫೀಸಿಗೆ ಹೋದೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಚುಕ್ಕಿಮರಿ ನೀರಿನ ಬೋಗುಣಿಯ ಹಿಂದೆ ತಲೆ ತುರುಕಿಕೊಂಡು ನಿಂತಿತ್ತು. ಅರಿಷಿಣಕ್ಕೆ ರಕ್ತ ಕೂಡಿ ಬೆನ್ನು ಕೇಸರಿ ಬಣ್ಣಕ್ಕೆ ತಿರುಗಿತ್ತು. ಕಾಳಿನಷ್ಟಿದ್ದ ಗಾಯ ರೂಪಾಯಿ ಬಿಲ್ಲೆಯಷ್ಟಾಗಿತ್ತು. ಹತ್ತೂ ಮರಿಗಳು ಸುತ್ತುಗಟ್ಟಿ ಸರದಿಯಂತೆ ಬಂದು ಒಂದೊಂದು ಕುಕ್ಕಿ ಹೋಗುತ್ತಿದ್ದವು. ಮರಿಯನ್ನು ಎತ್ತಿಕೊಂಡೆ. ಅದು ಕೂಗಲಿಲ್ಲ ಕೂಡ. ಸೆರಗಿನಲ್ಲಿ ಸುತ್ತಿಕೊಂಡು ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಮೂಗು ಒರಸಿಕೊಂಡು ಅತ್ತೆಗೆ ಫೋನ್ ಹಚ್ಚಿದೆ.

ಎಲ್ಲ ಹೇಳಿದೆ. ಫಾರ್ಮಿನ ಹತ್ತರ ನಡುವೆ ಬಿಟ್ಟದ್ದು, ಸತ್ತದ್ದು, ಸುಳ್ಳು ಹೇಳಿದ್ದು, ಭಂಡಾರ ಹಚ್ಚಿದ್ದು.

"ಭಂಡಾರ ಹಚ್ಚೀದಿ?" ಅಂದಳು.

"ನೀನ ಹಚ್ಚತಿದ್ದಿ ಅತ್ತಿ. ನಾ ಕಣ್ಣಾರೆ ನೋಡೀನಿ."

"ಅದು ಬೀರಪ್ಪನ ಹಬ್ಬದ ದಿನಾ ಬೇ. ಅವತ್ತ ಮಂದಿಗೆ, ಕುರಿಗೆ, ಕೋಳಿಗೆ, ಎಲ್ಲಾಕೂ ಹಚ್ಚತಿದ್ವಿ. ಗೂಡಿನಾಗ ಒಂದ ಮರಿ ಬಿಡತಿದ್ದಿಲ್ಲ. ನೀ ನೋಡಿದ್ದು ಒಂದ, ಉಳದದ್ದು ನೋಡದ ಆಡಾಕ ಓಡಿ ಹೋಗೀದಿ." ಉಸಿರು ತೆಗೆದುಕೊಂಡಳು. "ಗಾಯ ಆದದ್ದಕ್ಕಷ್ಟ ಬಣ್ಣಾ ಹಚ್ಚಿದ್ರ ಉಳದವಕ್ಕ ಗುರ್ತು ತೋರಿಸಿಧಂಗಾತು. ಇಲ್ಲೈತಿ ನೋಡ್ರಿ, ಕುಕ್ಕ ಬರ್ರಿ ಅಂತ ನೀನ ಕರದೀದಿ."

ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಜೀವಮಾನದಲ್ಲಿ ಅಪರೂಪಕ್ಕೆ.

"ತಾಟ ಎಷ್ಟ ಇಟ್ಟೀದಿ?"

"ಒಂದು."

"ಹದಿನಾಕ ಮಂದಿಗೆ ಒಂದ ತಾಟಿನ್ಯಾಗ ಉಣ್ಣಾಕ ಕೊಡು ನಿನ್ನ ಮನ್ಯಾಗ, ನೋಡೋಣು ಯಾರ ಯಾರನ್ನ ಕುಕ್ಕತಾರ ಅಂತ. ನೆಳ್ಳ ಐತೇನ? ಲೈಟ ಹಗಲೂ ರಾತ್ರಿ ಉರಸಾಕತ್ತೀದಿ ಹೌದಿಲ್ಲೋ? ಬ್ಯಾಸರಕ್ಕ ಕುಕ್ಕತಾವ, ಝಳಕ್ಕ ಕುಕ್ಕತಾವ, ಹಸದ್ರಂತೂ ಕೇಳಬ್ಯಾಡ."

ಹಾಸಿಗೆಯಲ್ಲಿ ಮಲಗಿಕೊಂಡೇ ನನ್ನ ಹಿತ್ತಲನ್ನು ಇಡೀ ನೋಡಿಬಿಟ್ಟಳು. ಅವಳು ಹೇಳಿದಂತೆಯೇ ಮಾಡಿದೆ. ಗೂಡಿನ ನಡುವೆ ಜಾಳಿಗೆಯ ಗೋಡೆ ಕಟ್ಟಿ ಸಣ್ಣವಕ್ಕೆ ಆ ಕಡೆ ಜಾಗ ಮಾಡಿದೆ, ಒಂದನ್ನೊಂದು ನೋಡಬಹುದು, ಮುಟ್ಟಲಾಗದು. ಮೂರು ಕಡೆ ತಾಟು, ಎರಡು ಕಡೆ ನೀರು. ದೊಡ್ಡ ಬಲ್ಬು ತೆಗೆದೆ. ಮೇಲೆ ಗೋಣಿಚೀಲ ಹೊದಿಸಿ ನೀರು ಚಿಮುಕಿಸಿದೆ. ಮೆಂತೆಪಲ್ಲೆಯ ಕಟ್ಟನ್ನು ದಾರದಿಂದ ಅವುಗಳ ಕೊಕ್ಕಿಗೆ ಎಟುಕುವಷ್ಟು ಎತ್ತರದಲ್ಲಿ ತೂಗುಬಿಟ್ಟೆ. ಅದನ್ನು ಜಗ್ಗುತ್ತ ಕಳ್ಳಮರಿಗಳು ಅರ್ಧ ದಿನ ಕಳೆದವು. ಕೆಂಪಿಯನ್ನು ಮಾತ್ರ ಬೇರೆ ಬುಟ್ಟಿಯ ಕೆಳಗೆ ಮೂರು ದಿನ ಒಂಟಿಯಾಗಿ ಇಟ್ಟೆ. "ದೊಡ್ಡಸ್ತಿಕಿ ಇಳೀತೈತಿ. ಕೂಡಸೂದು ಮುಚ್ಚಂಜ್ಯಾಗ ಕೂಡಸು, ಉಳದವು ತೂಕಡಿಸೂಮುಂದ," ಎಂದು ಅತ್ತೆಯ ಅಪ್ಪಣೆ.

"ಸಸ್ಪೆಂಡ್ ಮಾಡೀದೇನ ಆಕೀನ?" ಎಂದರು ನನ್ನ ಗಂಡ.

"ನಿಮ್ಮನ್ನೂ ಮಾಡತೀನಿ," ಅಂದೆ.

ಗಾಯಕ್ಕೆ ಬೇವಿನೆಣ್ಣೆ, ಅದರಲ್ಲಿ ದೀಪದ ಮಸಿ. ಕೆಂಪು ಕಾಣಬಾರದು, ಕಹಿ ಹತ್ತಬೇಕು. ಗ್ಯಾಸಿನ ಮನೆಯಲ್ಲಿ ಮಸಿ ಎಲ್ಲಿಂದ ತರಬೇಕು. ಔಡಲೆಣ್ಣೆಯ ಹಣತೆ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ ಕೂತೆ. ಅತ್ತೆ ನಮಗೆ ಕಾಡಿಗೆ ಮಾಡುತ್ತಿದ್ದುದೂ ಹೀಗೆಯೇ. ತಟ್ಟೆಯ ಬೆನ್ನಿಗೆ ಕಪ್ಪು ಹತ್ತುವವರೆಗೆ ಅವಳ ತೊಡೆಯ ಮೇಲೆ ತಲೆ ಇಟ್ಟು ಮಲಗಿರುತ್ತಿದ್ದೆ. ಅವಳ ಸೀರೆಗೆ ಹಿಟ್ಟಿನ, ಕುರಿಹಾಲಿನ ವಾಸನೆ. ಹಾಗೆ ಮಲಗಿದಾಗ ನನಗೆ ಒಳಮನೆಯಿಂದ ಅವ್ವನ ಧ್ವನಿ ಕೇಳುತ್ತಿತ್ತು.

ನಮ್ಮವ್ವ ಹಣಮವ್ವ. ಮಕ್ಕಳ ಮೇಲೆ ಜೀವ, ನಾದಿನಿಯ ಮೇಲೆ ಕಣ್ಣು ಕೆಂಪು. ಅತ್ತೆ ರೊಟ್ಟಿ ಬಡಿದರೆ ದಪ್ಪ, ನೀರು ತಂದರೆ ತಡ. "ಕೊಟ್ಟ ಹೆಣ್ಣು ಕುಲಕ್ಕ ಹೊರಗು, ಇಲ್ಲಿ ಬಂದು ಒಲಿ ಮುಂದ ಕುಂತೈತಿ," ಎಂದು ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ಅವ್ವ ಅಂದರೆ ಆಯಿತು, ಕೂಲಿಗೆ ಬಂದ ಹೆಂಗಸರೂ ಅನ್ನುತ್ತಿದ್ದರು. ಅತ್ತೆ ಎಲ್ಲರದೂ ಆದಮೇಲೆ, ಸೀದ ರೊಟ್ಟಿಯ ಚೂರನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಉಣ್ಣುತ್ತಿದ್ದಳು. ಊರು ಮುಳುಗಿ ಹೊಸ ಊರಲ್ಲಿ ಜಾಗ ಹಂಚಿದಾಗ ಅತ್ತೆಗೂ ಬೇರೆ ಜಾಗ ಸಿಕ್ಕಿತು, ಊರಿನ ಆ ತುದಿಗೆ. ಇನ್ನಾದರೂ ನೆಮ್ಮದಿಯಾಗಿರುತ್ತಾಳೆ ಎಂದು ನಾನು ಸಂತೋಷಪಟ್ಟೆ. ಅವಳು ಮಾಡಿದ್ದೇನು? ಆ ಜಾಗವನ್ನು ಪರಸಪ್ಪನೆಂಬವನಿಗೆ ಬಿಟ್ಟುಕೊಟ್ಟು, ಅವನ ಸಣ್ಣ ಜಾಗ ತೆಗೆದುಕೊಂಡಳು. ಅದು ನಮ್ಮವ್ವನ ಗೋಡೆಗೆ ಗೋಡೆ. ಮತ್ತೆ ಇಪ್ಪತ್ತು ವರ್ಷ ಕುಕ್ಕಿಸಿಕೊಂಡಳು. ಅವ್ವ ಹೋಗಿ ಎರಡು ವರ್ಷವಾಯಿತು. ಹೆತ್ತವಳು, ಈಗಲೂ ದಿನಾ ನೆನೆಯುತ್ತೇನೆ, ಆದರೆ ಆ ಒಂದು ವಿಷಯಕ್ಕೆ ಅವಳ ಮೇಲಿನ ನನ್ನ ಸಿಟ್ಟು ಹೋಗಿಲ್ಲ.

ಚುಕ್ಕಿಮರಿ ಬದುಕಿತು. ಹತ್ತು ದಿನ ಅಡಿಗೆಮನೆಯ ಮೂಲೆಯ ಡಬ್ಬದಲ್ಲಿ ಇಟ್ಟುಕೊಂಡು, ಬೆಂದ ಮೊಟ್ಟೆಯ ಚೂರು, ನೆನೆದ ನುಚ್ಚು ತಿನ್ನಿಸಿದೆ. ಒಂಟಿಯಾಗದಿರಲಿ ಎಂದು ಅದರ ಎರಡು ಅಣ್ಣಂದಿರನ್ನೂ ಜೊತೆಗೆ ಬಿಟ್ಟೆ. ಗಾಯಕ್ಕೆ ಹಕ್ಕಳೆ ಕಟ್ಟಿತು, ಹಕ್ಕಳೆ ಉದುರಿತು, ಬೂದಿ ಪುಕ್ಕ ಬಂತು. ಆಮೇಲೆ ಜಾಳಿಗೆಯ ಆಚೆ ಬಿಟ್ಟೆ, ಎರಡು ವಾರ ಬಿಟ್ಟು ಜಾಳಿಗೆಯನ್ನೇ ತೆಗೆದೆ. ಮೊದಲ ದಿನ ಕೆಂಪಿ ಎದ್ದು ಬಂದು ಚುಕ್ಕಿಯ ನೆತ್ತಿಗೊಂದು ಕೊಟ್ಟಿತು. ನಾನು ಪೊರಕೆ ಎತ್ತಿದೆ. ಗಂಡ ಕೈ ಹಿಡಿದರು. ಚುಕ್ಕಿ ಎರಡು ಹೆಜ್ಜೆ ಹಿಂದೆ ಸರಿದು, ಸುತ್ತು ಹಾಕಿ, ಇನ್ನೊಂದು ತಾಟಿಗೆ ಹೋಗಿ ತಿನ್ನತೊಡಗಿತು. ಕೆಂಪಿಯೂ ಅಷ್ಟಕ್ಕೇ ಬಿಟ್ಟಿತು. ರಕ್ತ ಬರದಷ್ಟು ಕುಕ್ಕುವುದು ಕೋಳಿಗಳ ಲೋಕದಲ್ಲಿ ನಡೆಯುತ್ತದೆ, ಅದನ್ನು ಬಿಡಿಸಲು ಹೋಗಬಾರದು ಎಂದು ಅತ್ತೆ ಫೋನಿನಲ್ಲಿ ಹೇಳಿದಳು. ನನಗಂತೂ ಕೆಂಪಿಯ ಮೇಲಿನ ಕೋಪ ಇಳಿಯಲಿಲ್ಲ. ದೀಪಾವಳಿಗೆ ಮೊದಲು ಅದರದೇ ಸಾರು ಎಂದು ಗಂಟು ಹಾಕಿಕೊಂಡೆ.

ಶ್ರಾವಣ ಕಳೆದ ಮೇಲೆ ಅತ್ತೆ ತಾನೇ ಬಂದಳು. ಜಕ್ಕಪ್ಪ ಕರೆತಂದು ಬಿಟ್ಟು, ನಾಯಿಗೆ ಈಗ ಸರಪಳಿ ಹಾಕಿದ್ದೇನೆಂದು ನಾನು ಕೇಳುವ ಮೊದಲೇ ಹೇಳಿ ಹೋದ. ಕೈಯಲ್ಲಿ ಕೋಲು, ಒಂದು ಕಾಲು ತುಸು ಎಳೆಯುತ್ತಿತ್ತು, ಮೈ ಅರ್ಧ ಆಗಿತ್ತು. ಚಹಾ ಕೂಡ ಬೇಡವೆಂದು ನೇರವಾಗಿ ಹಿತ್ತಲಿಗೆ ನಡೆದಳು. ನಾನು ಚುಕ್ಕಿಯನ್ನು ಹಿಡಿದು ಅವಳ ಮಡಿಲಿಗೆ ಕೊಟ್ಟೆ. ಈಗ ಅದು ಮರಿಯಲ್ಲ, ಬೂದಿ ಬಣ್ಣದ ತುಂಬು ಪ್ರಾಯದ ಹೇಂಟೆ, ಇಂದೋ ನಾಳೆಯೋ ಮೊಟ್ಟೆ ಇಡುವಂಥದು. ಅತ್ತೆ ಪುಕ್ಕ ಬಿಡಿಸಿ ಬೆನ್ನು ನೋಡಿದಳು, ಗಾಯದ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದಳು.

"ನಾಕ ಕೊಟ್ಟಿದ್ದಿ, ಮೂರ ಅದಾವ ಅತ್ತಿ," ಅಂದೆ. "ತಪ್ಪು ನಂದ."

"ಹ್ಯಾಂಟಿ ಉಳಿಸೀದಿ," ಅಂದಳು. "ಹುಂಜ ಎರಡೂ ನೀನ ಇಟ್ಕೋ."

ಅವಳ ಕಣ್ಣು ಗೂಡಿನ ಕಡೆಗೇ ಇತ್ತು. ಕೆಂಪಿ ಕತ್ತು ಎತ್ತಿ, ಎದೆ ಮುಂದೆ ಮಾಡಿ, ಉಳಿದವನ್ನು ಸರಿಸುತ್ತ ತಾಟಿನ ಹತ್ತಿರ ಹೋಗುತ್ತಿತ್ತು. ಅತ್ತೆಗೆ ನಗು ಬಂತು. "ಅದ ಏನ ಕುಕ್ಕತಿದ್ದದ್ದು? ಹಣಮವ್ವನಂಗ ನಡೀತೈತಿ ನೋಡು."

ನಾನು ನಗಲಿಲ್ಲ.

"ಅದನ್ನೂ ಕೊಡು ನನಗ," ಅಂದಳು.

"ಅದನ್ನ? ಕೊಂದ ಹಾಕತಿತ್ತು ಅತ್ತಿ ಇದನ್ನ. ಬೇರೆ ಒಂಬತ್ತ ಅದಾವ, ಬಡವು. ಯಾವದರ ಒಯ್ಯಿ."

"ಒಬ್ಬಾಕಿನ್ನ ಒಯ್ದ್ರ ಅಲ್ಲಿ ಇದಕ್ಕ ಯಾರದಾರ? ನನ್ನ ಗೂಡ ಖಾಲಿ ಐತಿ. ಗೊತ್ತಿದ್ದದ್ದು ಒಂದ ಇರಲಿ ಜೋಡಿಗೆ. ಹೆಂಗೂ ಈಗ ಸರಕೊಂಡ ಉಣ್ಣೂದ ಕಲತೈತಿ ಇದು."

ಅಷ್ಟು ವರ್ಷದ ಸಿಟ್ಟು ಆಗ ನನ್ನ ಬಾಯಿಗೆ ಬಂದೇಬಿಟ್ಟಿತು. "ನೀನೂ ಹಂಗ ಮಾಡಿದ್ದಿ. ಊರ ಆ ತುದೀಗೆ ಆರಾಮ ಜಾಗಾ ಸಿಕ್ಕಿತ್ತು. ಅದನ್ನ ಬಿಟ್ಟು ನಮ್ಮವ್ವನ ಮಗ್ಗಲಕ್ಕ ಬಂದ ಕುಂತಿ. ಯಾಕ ಅತ್ತಿ? ಆಕಿ ನಿನಗ ಒಂದ ದಿನಾ ಛಲೋ ಮಾತ ಆಡಲಿಲ್ಲ."

ಅತ್ತೆ ಹೇಂಟೆಯ ಕತ್ತು ಸವರುತ್ತ ಕೂತಳು.

"ಆಡಲಿಲ್ಲ, ಖರೆ," ಅಂದಳು. "ಆದ್ರ ಆ ಊರಾಗ ನಾನೂ ಆಕೀನೂ ಕೂಡೇ ಸಗಣಿ ಬಳದೇವಿ, ಕೂಡೇ ನೀರ ಹೊತ್ತೇವಿ. ಇಲ್ಲಿ ಬಂದ ಮ್ಯಾಲೆ ದಿನಾ ಸಂಜೀಕೆ ಕಟ್ಟಿ ಮ್ಯಾಲ ಕುಂತ ಜಗಳಾಡತಿದ್ವಿ. ಗುಡಿಗೆ ಹೋಗೂಮುಂದ ಬಾವಿ ಎಡಕ್ಕಿತ್ತು ಅಂತಿದ್ದೆ ನಾ. ಆಕಿ ಬಲಕ್ಕಿತ್ತು ಅಂತಿದ್ಲು. ಹುಣಸೀಮರ ಗೌಡರದು ಅಂದ್ರ ಅಲ್ಲ ನಮ್ಮದು ಅಂತಿದ್ಲು. ಹಂಗ ಬಡದಾಡಿ ಬಡದಾಡಿ ಇಡೀ ಊರ ತಿರುಗಿ ಬರತಿದ್ವಿ." ಹೇಂಟೆಯನ್ನು ಮಡಿಲಲ್ಲಿ ಸರಿಮಾಡಿಕೊಂಡಳು. "ಈಗ ನಾ ಬಾವಿ ಎಡಕ್ಕಿತ್ತು ಅಂದ್ರ ಎಲ್ಲಾರೂ ಹೂಂ ಅಂತಾರ. ಜಕ್ಕಪ್ಪ ಹೂಂ ಅಂತಾನ. ಅವನ ಹೇಣತಿ ಹೂಂ ಅಂತಾಳ. ಕುಕ್ಕೂರೂ ಯಾರೂ ಇಲ್ಲ ನನಗ."

ನಾನು ಎದ್ದೆ. ಹೋಗಿ ಕೆಂಪಿಯನ್ನು ಹಿಡಿದೆ. ಅದು ಕೈಗೆ ಎರಡು ಸಲ ಕುಕ್ಕಿತು, ಕುಕ್ಕಲಿ ಅಂದೆ. ಎರಡನ್ನೂ ಬೇರೆ ಬೇರೆ ಬುಟ್ಟಿಗೆ ಹಾಕಿ, ಅತ್ತೆಯನ್ನು ಒಬ್ಬಳನ್ನೇ ಕಳಿಸಲು ಮನಸ್ಸು ಬಾರದೆ ನಾನೂ ಬೀಳಗಿ ಬಸ್ಸು ಹತ್ತಿದೆ. ಅವಳು ಕಿಟಕಿಯ ಹತ್ತಿರ ಕೂತು ಹೊರಗೆ ಕಬ್ಬಿನ ಹೊಲ ನೋಡುತ್ತಿದ್ದಳು. ಊರು ದಾಟಿ ತುಸು ದೂರ ಹೋದ ಮೇಲೆ ನಾನು ಹೇಳಿದೆ.

"ಅತ್ತಿ, ಬಾವಿ ಬಲಕ್ಕ ಇತ್ತು."

"ಏನ?"

"ಗುಡಿಗೆ ಹೋಗೂಮುಂದ ಬಲಕ್ಕ. ಅವ್ವ ಹೇಳತಿದ್ದದ್ದ ಖರೆ. ನಿನಗ ವಯಸ್ಸಾಗೈತಿ, ಮರತೀದಿ."

ಅತ್ತೆ ನನ್ನ ಕಡೆ ಪೂರ್ತಿ ತಿರುಗಿದಳು. ಕೋಲನ್ನು ನೆಲಕ್ಕೆ ಕುಟ್ಟಿದಳು. "ನಿನಗೇನ ತಿಳೀತೈತಿ ಬೇ? ಮೂಗ ಒರಸ್ಕೊಳ್ಳಾಕ ಬರತಿದ್ದಿಲ್ಲ ನಿನಗ ಅವಾಗ. ದಿನಾ ಎಂಟ ಕೊಡ ಸೇದೀನಿ ನಾ ಆ ಬಾವಿಯಾಗ. ಗುಡಿ ಮುಂದ ಹಿಂಗ ನಿಂತ್ರ, ನೋಡಿಲ್ಲಿ, ಇದು ಗುಡಿ ಅನ್ನು, ಇದು ಶಾನಭೋಗರ ಗ್ವಾಡಿ..."

ಎದುರಿನ ಸೀಟಿನವರು ತಿರುಗಿ ನೋಡಿದರು. ಅವಳು ಬೆರಳಿನಿಂದ ಸೀಟಿನ ಬೆನ್ನಿನ ಮೇಲೆ ಊರನ್ನು ಬರೆಯುತ್ತ ಹೋದಳು, ಓಣಿ, ಕಟ್ಟೆ, ಹುಣಸೆಮರ. ಮುಖಕ್ಕೆ ಬಣ್ಣ ಬಂದಿತ್ತು.

ಬಾವಿ ಎಡಕ್ಕೇ ಇತ್ತು. ನನಗೆ ಚೆನ್ನಾಗಿ ನೆನಪಿದೆ. ಬೀಳಗಿ ಬರುವವರೆಗೂ ಬಲಕ್ಕೆ ಎಂದೇ ವಾದಿಸಿದೆ.